ಕ್ಯಾಮೆರಾ, ಹೆಬ್ಬೆಟ್ಟು, ಲೊಕೇಶನ್: ಕೆಲಸದ ಜಾಗದಲ್ಲಿ ನಿಮ್ಮ ಮೇಲಿರುವ ಕಣ್ಣಿಗೆ ಲೆಕ್ಕ ಕೇಳುವುದು ಹೇಗೆ?

ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರ ಒಂದು ಬಟ್ಟೆ ಅಂಗಡಿಯಲ್ಲಿ ನಾನು ಏಳು ವರ್ಷ ಲೆಕ್ಕ ಬರೆದವಳು. ಕ್ಯಾಮೆರಾದ ಟಿವಿ ಇದ್ದದ್ದು ನನ್ನ ಮೇಜಿನ ಪಕ್ಕದಲ್ಲೇ. ಒಂಬತ್ತು ಚೌಕ. ಎಂಟರಲ್ಲಿ ಗಲ್ಲಾ, ಬಾಗಿಲು, ಸೀರೆಯ ಕೌಂಟರ್, ಗೋದಾಮು ಇತ್ಯಾದಿ. ಒಂಬತ್ತನೆಯದರಲ್ಲಿ ಹುಡುಗಿಯರು ಬುತ್ತಿ ಬಿಚ್ಚಿ ಊಟಕ್ಕೆ ಕೂರುವ ಮೂಲೆ. ಮಾಲೀಕರ ಮೊಬೈಲಿನಲ್ಲೂ ಅದೇ ಚಿತ್ರ. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವರು ಅಲ್ಲಿಂದಲೇ ಫೋನ್ ಮಾಡುತ್ತಿದ್ದರು: “ಆ ಇಬ್ರು ಊಟ ಮುಗ್ಸಿ ಎಷ್ಟೊತ್ತಾಯ್ತಮ್ಮ? ಇನ್ನೂ ಕೂತೇ ಇದಾರಲ್ಲ. ಎಬ್ಸು ಸ್ವಲ್ಪ.” ಎಬ್ಬಿಸುವ ಕೆಲಸ ನನ್ನದು.

ಈಗ ತೀರ್ಥಹಳ್ಳಿಯಾಚೆಯ ನಮ್ಮೂರಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತೇನೆ. ಲ್ಯಾಪ್‌ಟಾಪಿನಲ್ಲಿ ಅವರೇ ಹಾಕಿಕೊಟ್ಟ ಸಾಫ್ಟ್‌ವೇರ್ ಹತ್ತು ನಿಮಿಷಕ್ಕೊಮ್ಮೆ ನನ್ನ ಪರದೆಯ ಫೋಟೊ ತೆಗೆಯುತ್ತದೆ. ಟಿವಿಯ ಈಚೆ ಕೂತಿದ್ದವಳು ಈಗ ಚೌಕದೊಳಗಿದ್ದೇನೆ. ಎರಡೂ ಕಡೆಯ ಅನುಭವ ಇರುವುದರಿಂದಲೋ ಏನೋ, ಹಳೆಯ ಸಹೋದ್ಯೋಗಿಗಳು, ಮಾಚೇನಹಳ್ಳಿಯ ಗಾರ್ಮೆಂಟ್ಸ್‌ಗೆ ಹೋಗುವ ನೆಂಟರ ಹುಡುಗಿಯರು, ಔಷಧ ಕಂಪನಿಯ ರೆಪ್ ಆಗಿರುವ ತಮ್ಮ ಎಲ್ಲರೂ “ಇದಕ್ಕೆ ಏನಾದ್ರೂ ಕಾನೂನಿದ್ಯಾ” ಎಂದು ಕೇಳುತ್ತಾರೆ. ಅವರಿಗೆ ಹೇಳುತ್ತ ಬಂದದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಾನೂನು, ಚುಟುಕಾಗಿ

ಕೆಲಸಗಾರರ ಮೇಲೆ ಕಣ್ಣಿಡುವುದೇ ನಮ್ಮ ದೇಶದಲ್ಲಿ ಅಪರಾಧ ಅಲ್ಲ. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕು ಎಂದು ಸಾರಿತು. ಆ ಪ್ರಕರಣದ ಅರ್ಜಿದಾರರಾದ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ನಮ್ಮದೇ ಹೈಕೋರ್ಟಿನಿಂದ ನಿವೃತ್ತರಾದವರು. ಆದರೆ ಆ ಹಕ್ಕನ್ನು ಮುಖ್ಯವಾಗಿ ಕೇಳಲಾಗುವುದು ಸರ್ಕಾರದ ಎದುರು. ಬಟ್ಟೆ ಅಂಗಡಿಯ ಮಾಲೀಕರ ಎದುರು ನಿಲ್ಲಬೇಕಾದರೆ ಬೇರೆ ಕಾನೂನಿನ ಕೈ ಹಿಡಿಯಬೇಕು.

ಅಂಥವು ಎರಡಿವೆ. ಹಳೆಯದು, ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಮತ್ತು ಅದರಡಿ 2011ರಲ್ಲಿ ಬಂದ ನಿಯಮಗಳು. ಬೆರಳಚ್ಚು, ಮುಖದ ಗುರುತು, ಆರೋಗ್ಯದ ವಿವರ, ಬ್ಯಾಂಕ್ ವಿವರ ಇವೆಲ್ಲ ಇದರಲ್ಲಿ ಸೂಕ್ಷ್ಮ ಮಾಹಿತಿ. ಪಡೆಯಲು ಲಿಖಿತ ಒಪ್ಪಿಗೆ ಬೇಕು, ಕಾರಣ ಹೇಳಬೇಕು, ಬೇಕಾದದ್ದಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದು, ತಪ್ಪಿದ್ದರೆ ತಿದ್ದಿಕೊಡಬೇಕು, ದೂರು ಕೇಳಲು ಒಬ್ಬ ಅಧಿಕಾರಿಯನ್ನು ಹೆಸರಿಸಿ ತಿಂಗಳೊಳಗೆ ಪರಿಹರಿಸಬೇಕು. ಇದೆಲ್ಲ ದೊಡ್ಡ ಕಂಪನಿಗಳಿಗೆ ಮಾತ್ರ ಎಂದುಕೊಳ್ಳಬೇಡಿ. ಒಬ್ಬರದೇ ಒಡೆತನದ ಅಂಗಡಿಯೂ ಈ ಕಲಮಿನ ವ್ಯಾಪ್ತಿಗೆ ಬರುತ್ತದೆ.

ಹೊಸದು, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು, ಅಂದರೆ 2027ರ ಮೇ. ಮಾಹಿತಿಯನ್ನು ಭದ್ರವಾಗಿ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಎಂದು ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತಲ್ಲ, ಅದೇ ಕಾಯ್ದೆ. ಅದರ 7ನೇ ಕಲಮಿನಲ್ಲಿ ಒಂದು ಸಾಲಿದೆ: ಉದ್ಯೋಗದ ಉದ್ದೇಶಕ್ಕೆ, ಮಾಲೀಕರಿಗೆ ನಷ್ಟವಾಗದಂತೆ ತಡೆಯುವುದಕ್ಕೆ ಮಾಹಿತಿ ಬಳಸಲು ನೌಕರರ ಒಪ್ಪಿಗೆ ಬೇಕಿಲ್ಲ. ನನಗೆ ಈ ಸಾಲು ಹಿಡಿಸಿಲ್ಲ. ‘ನನ್ನ ಬಗ್ಗೆ ಏನಿದೆ ತೋರಿಸಿ’, ‘ಅಳಿಸಿ’ ಎಂದು ಕೇಳುವ ಹಕ್ಕನ್ನು ಆ ಕಾಯ್ದೆ ಒಪ್ಪಿಗೆಯ ಮೇಲೆ ಪಡೆದ ಮಾಹಿತಿಗೆ ಜೋಡಿಸಿರುವುದರಿಂದ, ಒಪ್ಪಿಗೆಯಿಲ್ಲದೆ ಪಡೆದದ್ದರಲ್ಲಿ ನೌಕರರಿಗೆ ಆ ದಾರಿ ಸಿಗುವುದಿಲ್ಲ. ಭದ್ರವಾಗಿಡುವ ಹೊಣೆ, ದೂರು ಕೇಳುವ ಹೊಣೆಯಂಥ ಕೆಲವು ಮಾತ್ರ ಮಾಲೀಕರ ಮೇಲೆ ಉಳಿಯುತ್ತವೆ. ಹೊಸದು ಪೂರ್ತಿ ಜಾರಿಯಾದ ದಿನ ಹಳೆಯ 43ಎ ರದ್ದಾಗುತ್ತದೆ. ಕೇಳುವುದಿದ್ದರೆ ಈಗಲೇ ಕೇಳಿ, ಬರೆದು ಕೇಳಿ ಎಂದು ನಾನು ಹೇಳುವುದು ಇದಕ್ಕೇ.

ಮೊದಲ ಹೆಜ್ಜೆ: ಏನೇನು ನೋಡುತ್ತಿದೆ, ಪಟ್ಟಿ ಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಬಾಗಿಲಿನಿಂದ ನಿಮ್ಮ ಕುರ್ಚಿವರೆಗೆ ಎಷ್ಟು ಕ್ಯಾಮೆರಾ, ಯಾವುದು ಯಾವ ಕಡೆಗೆ ತಿರುಗಿದೆ? ಕೆಲವು ಕ್ಯಾಮೆರಾಗಳಲ್ಲಿ ಮೈಕ್ ಕೂಡ ಇರುತ್ತದೆ. ಮಾತೂ ರೆಕಾರ್ಡ್ ಆಗುತ್ತದೆಯೇ ಎಂದು ಅಳವಡಿಸಲು ಬಂದ ಹುಡುಗನನ್ನೇ ಕೇಳಿದರೆ ಸಲೀಸಾಗಿ ಹೇಳಿಬಿಡುತ್ತಾನೆ. ಹಾಜರಿ ಯಂತ್ರ ಬೆರಳಿನದೋ ಮುಖದ್ದೋ? ಕಂಪನಿ ಗಾಡಿಗೆ ಜಿಪಿಎಸ್ ಇದೆಯೇ?

ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಲೊಕೇಶನ್ ಪರ್ಮಿಷನ್ ತೆರೆಯಿರಿ. ಹಾಜರಿಯ ಆ್ಯಪ್ ‘ಯಾವಾಗಲೂ’ ಎಂಬ ಗುಂಪಿನಲ್ಲಿ ಕೂತಿದ್ದರೆ ನೀವು ಭಾನುವಾರ ಸಿಗಂದೂರಿಗೆ ಹೋದದ್ದೂ ಅದಕ್ಕೆ ಗೊತ್ತಾಗಬಹುದು. ‘ಆ್ಯಪ್ ಬಳಸುವಾಗ ಮಾತ್ರ’ ಎಂದು ಬದಲಿಸಿ ನೋಡಿ. ಆಮೇಲೂ ಹಾಜರಿ ಬಿದ್ದರೆ, ಅದಕ್ಕೆ ಅಷ್ಟೇ ಸಾಕಿತ್ತು ಎಂದರ್ಥ. ಹಾಗೆಯೇ ‘ಡಿವೈಸ್ ಅಡ್ಮಿನ್’ ಎಂಬ ಪಟ್ಟಿಯನ್ನೂ ನೋಡಿ. ಅಲ್ಲಿ ಕಚೇರಿಯ ಆ್ಯಪ್ ಇದ್ದರೆ, ಫೋನಿಗೆ ಬೀಗ ಹಾಕುವ, ಎಲ್ಲವನ್ನೂ ಅಳಿಸುವ ಅಧಿಕಾರ ಅದಕ್ಕೆ ಸಿಕ್ಕಿರಬಹುದು.

ಲ್ಯಾಪ್‌ಟಾಪಿನ ಕ್ರೋಮಿನಲ್ಲಿ ಮೂರು ಚುಕ್ಕಿ ಒತ್ತಿದರೆ, ಪಟ್ಟಿಯ ಕೆಳತುದಿಯಲ್ಲಿ ‘ನಿಮ್ಮ ಸಂಸ್ಥೆ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಾಣಬಹುದು. ಕಂಡರೆ ಆ ಬ್ರೌಸರಿನಲ್ಲಿ ನಿಮ್ಮ ಬ್ಯಾಂಕು, ನಿಮ್ಮ ಡಾಕ್ಟರು, ಬೇರೆ ಕೆಲಸದ ಹುಡುಕಾಟ ಯಾವುದೂ ಬೇಡ.

ಎರಡನೆಯದು: ಕಾಗದ ಹುಡುಕಿ

ಸೇರುವ ದಿನ ಸಹಿ ಹಾಕಿದ ಕಾಗದಗಳನ್ನು ಯಾರೂ ಓದಿರುವುದಿಲ್ಲ. ನಾನೂ ಓದಿರಲಿಲ್ಲ. ಈಗ ತೆಗೆದು ಓದಿ. ಅದರಲ್ಲಿ ಬೆರಳಚ್ಚಿಗೆ, ಕ್ಯಾಮೆರಾಕ್ಕೆ, ಪರದೆಯ ಫೋಟೊಕ್ಕೆ ಒಪ್ಪಿದ್ದೀರಾ ಎಂದು ಗುರುತು ಹಾಕಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲ ಅನ್ನುವವರು ನಮ್ಮಲ್ಲಿ ಬೇಕಾದಷ್ಟು ಜನ. ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಲಿಖಿತ ನೇಮಕಾತಿ ಆದೇಶ ಕೊಡುವುದು ಮಾಲೀಕರ ಹೊಣೆ. ಅದನ್ನು ಕೇಳುವುದರಿಂದಲೇ ಮಾತು ಶುರು ಮಾಡಬಹುದು.

ನಿಮ್ಮ ಫೋನು ನಿಮ್ಮದೇ

ನನ್ನ ತಮ್ಮ ಹೊಸನಗರ, ಸಾಗರ, ಸೊರಬ ಸುತ್ತುವವನು. ಬೆಳಿಗ್ಗೆ ವಾಟ್ಸ್ಆ್ಯಪ್ ಗುಂಪಿನಲ್ಲಿ ಲೈವ್ ಲೊಕೇಶನ್ ಹಾಕಬೇಕು ಎಂಬುದು ಅವನ ಮ್ಯಾನೇಜರ್ ಅಪ್ಪಣೆ. ವಾಟ್ಸ್ಆ್ಯಪಿನಲ್ಲಿ ಅದಕ್ಕೆ 15 ನಿಮಿಷ, 1 ಗಂಟೆ, 8 ಗಂಟೆ ಎಂದು ಮೂರೇ ಆಯ್ಕೆ. ಹತ್ತೂವರೆಗೆ ಹಾಕಿದರೆ ಸಂಜೆ ಆರೂವರೆವರೆಗೆ ಓಡುತ್ತದೆ. ಐದೂವರೆಗೆ ಕೆಲಸ ಮುಗಿಸಿದವನು ಉಳಿದ ಒಂದು ಗಂಟೆ ಎಲ್ಲಿ ಕಾಫಿ ಕುಡಿದ, ಯಾರ ಮನೆಗೆ ಹೋದ ಎಲ್ಲ ಗುಂಪಿನ ಹದಿನಾರು ಜನಕ್ಕೂ ಪ್ರಸಾರ! ಕೆಲಸ ಮುಗಿದ ತಕ್ಷಣ ‘ಹಂಚಿಕೆ ನಿಲ್ಲಿಸಿ’ ಒತ್ತು, “ಇವತ್ತಿನ ಕೆಲಸ ಮುಗಿಯಿತು ಸಾರ್” ಎಂದು ಒಂದು ಸಾಲು ಹಾಕು ಎಂದೆ. ಆ ಸಾಲೇ ಅವನು ಎಷ್ಟು ಗಂಟೆಗೆ ಕೆಲಸ ಬಿಟ್ಟ ಎಂಬುದಕ್ಕೆ ದಾಖಲೆಯೂ ಆಗುತ್ತದೆ.

ಕಚೇರಿ ಕೆಲಸಕ್ಕೆ ಫೋನ್ ಬೇಕೇ ಬೇಕು ಎಂದರೆ ಕಂಪನಿಯೇ ಒಂದು ಕೊಡಲಿ ಎಂದು ಕೇಳುವುದು ತಪ್ಪಲ್ಲ. ಕೊಡದಿದ್ದರೆ ಆಂಡ್ರಾಯ್ಡ್‌ನಲ್ಲಿ ‘ವರ್ಕ್ ಪ್ರೊಫೈಲ್’ ಎಂಬ ವ್ಯವಸ್ಥೆ ಇದೆ. ಕಚೇರಿಯ ಆ್ಯಪ್‌ಗಳು ಪುಟ್ಟ ಬ್ರೀಫ್‌ಕೇಸ್ ಗುರುತಿನೊಂದಿಗೆ ಬೇರೆ ಕೋಣೆಯಲ್ಲಿ ಇದ್ದಂತೆ. ಈಚೆ ಕಡೆಯ ನಿಮ್ಮ ಫೋಟೊ, ಮೆಸೇಜು ಕಂಪನಿಗೆ ಕಾಣುವುದಿಲ್ಲ. ಕಚೇರಿಯ ಕಂಪ್ಯೂಟರಿನಲ್ಲಿ ವಾಟ್ಸ್ಆ್ಯಪ್ ವೆಬ್ ತೆರೆದು ಹಾಗೇ ಮನೆಗೆ ಹೋಗುವವರೇ, ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಇವತ್ತೇ ಲಾಗ್ಔಟ್ ಮಾಡಿ.

ಬೆರಳಚ್ಚಿನ ಯಂತ್ರ

ಮಲೆನಾಡಿನವರಿಗೆ ಇದು ಬರೀ ಖಾಸಗಿತನದ ಮಾತಲ್ಲ. ಮಂಡಗದ್ದೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು ನಮ್ಮ ಅಂಗಡಿಯಲ್ಲಿದ್ದಳು. ಕೊಯ್ಲಿನ ಕಾಲದಲ್ಲಿ ಸಂಜೆ ಊರಿಗೆ ಹೋದ ಮೇಲೆ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಬೆರಳ ತುದಿಗೆಲ್ಲ ಚೊಗರು ಹಿಡಿದು ಕಪ್ಪಾಗಿ, ಚರ್ಮ ಬಿರಿದು ರೇಖೆಯೇ ಮಾಸಿಹೋಗಿರುತ್ತಿತ್ತು. ಬೆಳಿಗ್ಗೆ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟರೆ “ಪ್ಲೀಸ್ ಟ್ರೈ ಅಗೈನ್”. ಮತ್ತೆ ಇಟ್ಟರೆ ಮತ್ತೆ ಅದೇ. ಸೆರಗಿಗೆ ಒರೆಸಿ, ಬಾಯಿಂದ ಉಫ್ ಎಂದು ಊದಿ, ಹಿಂದಿನವರು “ಬೇಗ ಮಾಡೇ” ಎನ್ನುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಯಂತ್ರದ ಪಟ್ಟಿಯಲ್ಲಿ ಅವಳಿಗೆ ನಾಲ್ಕು ದಿನ ಗೈರು. “ಅಕ್ಕಾ, ನಾನು ಬಂದಿದ್ದು ನೀವೇ ನೋಡಿದೀರಲ್ಲ” ಎಂದಳು. ನೋಡಿದ್ದೆ. ಕ್ಯಾಮೆರಾವೂ ನೋಡಿತ್ತು. ಅವಳ ಸಂಬಳ ಉಳಿದದ್ದು ಬಾಗಿಲಿನ ಕ್ಯಾಮೆರಾದಿಂದ. ನಾನೇ ಆ ನಾಲ್ಕು ಬೆಳಗುಗಳ ದೃಶ್ಯ ಹುಡುಕಿ ಮಾಲೀಕರಿಗೆ ತೋರಿಸಿದೆ. ಕ್ಯಾಮೆರಾವನ್ನು ಬೈಯುವಾಗೆಲ್ಲ ನನಗೆ ಇದೂ ನೆನಪಾಗುತ್ತದೆ.

ನಿಮಗೂ ಹೀಗಾದರೆ, ಯಂತ್ರದಲ್ಲಿ ಒಂದೇ ಬೆರಳಲ್ಲ, ಕೆಲಸಕ್ಕೆ ಕಡಿಮೆ ಸಿಗುವ ಎಡಗೈ ಉಂಗುರ ಬೆರಳನ್ನೂ ದಾಖಲಿಸಿಕೊಳ್ಳಿ ಎಂದು ಕೇಳಿ. ಬಹಳಷ್ಟು ಯಂತ್ರಗಳಲ್ಲಿ ಪಿನ್ ಸಂಖ್ಯೆಯ ಸೌಲಭ್ಯವೂ ಇರುತ್ತದೆ. ಯಂತ್ರ ಒಪ್ಪದ ದಿನ ಕೈಬರಹದ ರಿಜಿಸ್ಟರಿನಲ್ಲಿ ಸಮಯ ಬರೆದು ಸಹಿ ಹಾಕಿ. ರಿಜಿಸ್ಟರ್ ಇಲ್ಲವೆಂದರೆ ಮೇಲಿನವರಿಗೆ ಆ ಕ್ಷಣವೇ ಒಂದು ಮೆಸೇಜು.

ಇನ್ನೊಂದು ಗೊಂದಲ. ಅಂಗಡಿಯ ಯಂತ್ರಕ್ಕೂ ಆಧಾರಿಗೂ ಸಂಬಂಧವಿಲ್ಲ. ಪಿಎಫ್ ಖಾತೆಗೆ ಆಧಾರ್ ಸಂಖ್ಯೆ ಕೇಳುವುದು ಸರಿ. ಬೇರೆ ಗುರುತಿನ ಕೆಲಸಕ್ಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಪ್ರತಿ ಸಾಕು.

ಕ್ಯಾಮೆರಾ ಎಲ್ಲಿರಬಹುದು, ಎಲ್ಲಿರಬಾರದು

ಗಲ್ಲಾ, ಬಾಗಿಲು, ಗೋದಾಮು, ಅಡಿಕೆ ಮಂಡಿಯ ತೂಕದ ಜಾಗ ಇಲ್ಲೆಲ್ಲ ಕ್ಯಾಮೆರಾ ಬೇಡವೆಂದು ಜಗಳವಾಡುವುದು ವ್ಯರ್ಥ. ಜನ ಹೆಚ್ಚು ಸೇರುವ ಸಂಸ್ಥೆಗಳಲ್ಲಂತೂ 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕಾಯ್ದೆಯೇ ಕ್ಯಾಮೆರಾ ಕಡ್ಡಾಯ ಮಾಡಿ, ದೃಶ್ಯವನ್ನು 30 ದಿನ ಉಳಿಸಬೇಕೆಂದಿದೆ. ಈ 30 ದಿನ ನೆನಪಿಡಿ. ಮಂಡಗದ್ದೆಯವಳಂತೆ ನಿಮಗೂ ಆ ದೃಶ್ಯವೇ ಸಾಕ್ಷಿಯಾಗಬೇಕಾದರೆ, ಅಷ್ಟರೊಳಗೆ ‘ಅಳಿಸಬೇಡಿ’ ಎಂದು ಬರೆದುಕೊಡಬೇಕು.

ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮಗುವಿಗೆ ಹಾಲೂಡಿಸುವ ಜಾಗದಲ್ಲಿ ಮಾತ್ರ ಚರ್ಚೆಯೇ ಇಲ್ಲ. ಹೆಂಗಸರ ಖಾಸಗಿ ಕ್ಷಣವನ್ನು ಚಿತ್ರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಗಂಡಸರಿಗೂ ಅನ್ವಯಿಸುವ ಐಟಿ ಕಾಯ್ದೆಯ 66ಇ ಬೇರೆ ಇದೆ. ಇಂಥ ಕಡೆ ಕ್ಯಾಮೆರಾ ಕಂಡರೆ ಮುಟ್ಟಬೇಡಿ, ಕೀಳಬೇಡಿ. ಇರುವ ಹಾಗೇ ಫೋಟೊ ತೆಗೆದು 112ಕ್ಕೆ ಕರೆ ಮಾಡಿ. ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಯಾದರೂ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮೂರು ತಿಂಗಳೊಳಗೆ.

ಊಟದ ಮೂಲೆ ಇವೆರಡರ ನಡುವಿನದು. ಅಪರಾಧ ಅಲ್ಲ, ಆದರೆ ಕಾರಣವೂ ಇಲ್ಲ. ಇಂಥಲ್ಲಿ ಕಾನೂನಿಗಿಂತ ಮಾತು ಬೇಗ ಕೆಲಸ ಮಾಡುತ್ತದೆ. “ಸಾವ್ಕಾರ್ರೇ, ಗೋದಾಮಿನ ಹಿಂಬಾಗಿಲು ಯಾವ ಕ್ಯಾಮೆರಾಕ್ಕೂ ಕಾಣಲ್ಲ. ಈ ಒಂಬತ್ತನೇದನ್ನ ಅಲ್ಲಿಗೆ ಹಾಕ್ಸಿದ್ರೆ ಮಾಲಿಗೂ ಭದ್ರ” ಎಂದು ನಾನು ಹೇಳಿದ್ದೆ. ಹುಡುಗಿಯರ ಹೆಸರೇ ಎತ್ತಲಿಲ್ಲ. ಎರಡು ವಾರ ಬಿಟ್ಟು ಏಣಿ ಬಂತು.

ಮಳೆ, ಕರೆಂಟು ಮತ್ತು ‘ಐಡಲ್’

ಆಷಾಢದಲ್ಲಿ ನಮ್ಮ ಕಡೆ ಮರ ಬಿದ್ದು ಲೈನ್ ಹೋಯಿತೆಂದರೆ ಎರಡು ದಿನಕ್ಕೂ ಬರುವುದಿಲ್ಲ. ಯುಪಿಎಸ್ ಒಂದೂವರೆ ಗಂಟೆ. ಮೊಬೈಲ್ ಸಿಗ್ನಲ್ಲಿಗೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಕಾಲಿಗೆ ಉಂಬಳ (ಜಿಗಣೆ) ಉಚಿತ. ಸಾಫ್ಟ್‌ವೇರಿಗೆ ಇದೊಂದೂ ತಿಳಿಯದು. ಮೌಸ್ ಅಲ್ಲಾಡಲಿಲ್ಲವೇ, ‘ಐಡಲ್’ ಎಂದು ಕೆಂಪು ಪಟ್ಟಿ. ಕಳೆದ ಮಳೆಗಾಲ ನನ್ನ ಲೆಕ್ಕದಲ್ಲಿ ಹನ್ನೊಂದು ಗಂಟೆ ಐಡಲ್ ಬಂದು ಸಂಬಳದಲ್ಲಿ ಅಷ್ಟು ಕಡಿತವಾಯಿತು. ಅದರಲ್ಲಿ ಮೂರು ಗಂಟೆ ನಾನು ಕಾಗದದ ಬಿಲ್ಲುಗಳನ್ನು ಪೆನ್ನಿನಲ್ಲಿ ಟಿಕ್ ಹಾಕುತ್ತಿದ್ದೆ!

ಅಂದಿನಿಂದ ಕರೆಂಟು ಹೋದ ಕೂಡಲೇ ಮೆಸ್ಕಾಂನ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಪಡೆಯುತ್ತೇನೆ. ಕರೆಂಟು ಬೇಗ ಬರಲಿ ಎಂಬ ಆಸೆಗಿಂತ ಆ ಸಂಖ್ಯೆಗೋಸ್ಕರ. ಅದನ್ನೂ ಹೊತ್ತನ್ನೂ ಮೇಲಿನವರಿಗೆ ಮೆಸೇಜು ಹಾಕಿ, ತಿಂಗಳ ಕೊನೆಗೆ ಎಲ್ಲ ಸೇರಿಸಿ ಇಮೇಲ್ ಕಳಿಸುತ್ತೇನೆ. ಕಡಿತವಾದರೆ ಕೇಳಬೇಕಾದ ಪ್ರಶ್ನೆ, ಇದು ದಂಡವೋ ಗೈರುಹಾಜರಿಯೋ ಎಂದು. 2025ರ ನವೆಂಬರ್ 21ರಂದು ಜಾರಿಯಾದ ವೇತನ ಸಂಹಿತೆಯ ಪ್ರಕಾರ ಗೈರಿಗೆ ಹಿಡಿಯುವುದಾದರೆ ಗೈರಾದ ಹೊತ್ತಿಗೆ ತಕ್ಕಷ್ಟೇ ಹಿಡಿಯಬೇಕು. ದಂಡವಾದರೆ ಯಾವ ತಪ್ಪಿಗೆ ದಂಡ ಎಂದು ಮೊದಲೇ ತಿಳಿಸಿರಬೇಕು, ನಿಮ್ಮ ವಿವರಣೆ ಕೇಳಿರಬೇಕು, ಆ ಅವಧಿಯ ವೇತನದ ಶೇಕಡ 3ನ್ನು ಮೀರುವಂತಿಲ್ಲ. ನನ್ನ ಆ ಹನ್ನೊಂದರಲ್ಲಿ ಏಳು ಗಂಟೆ ವಾಪಸ್ ಬಂತು.

ಮೌಸನ್ನು ತಾನೇ ಅಲ್ಲಾಡಿಸುವ ಯಂತ್ರ ಆನ್‌ಲೈನಿನಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿಕೊಡುತ್ತಾರೆ. ಕೊಳ್ಳಬೇಡಿ. ಸಿಕ್ಕಿಬಿದ್ದರೆ ಅಲ್ಲಿಯವರೆಗಿನ ನಿಮ್ಮ ನ್ಯಾಯವಾದ ದೂರೆಲ್ಲ ಸುಳ್ಳಾಗುತ್ತದೆ.

ಬರೆದು ಕೇಳುವುದು

ಜಗಳದ ಧಾಟಿ ಬೇಡ, ಕಾನೂನಿನ ಕಲಮುಗಳ ಮಳೆಯೂ ಬೇಡ. ಈ ಅಳತೆ ಸಾಕು:

“ಮಾನ್ಯರೇ, ಹಾಜರಾತಿಗಾಗಿ ನನ್ನ ಬೆರಳಚ್ಚನ್ನು ಸಂಸ್ಥೆಯ ಯಂತ್ರದಲ್ಲಿ ದಾಖಲಿಸಲಾಗಿದೆ. ಈ ಮಾಹಿತಿ ಎಲ್ಲಿ ಉಳಿದಿದೆ, ಅದನ್ನು ಯಾರು ಯಾರು ನೋಡಬಹುದು, ನಾನು ಕೆಲಸ ಬಿಟ್ಟ ನಂತರ ಯಾವಾಗ ಅಳಿಸಲಾಗುತ್ತದೆ ಎಂಬುದನ್ನು ತಿಳಿಸಬೇಕಾಗಿ ಕೋರುತ್ತೇನೆ. ಈ ಕುರಿತು ನಾನು ಸಹಿ ಮಾಡಿದ ಒಪ್ಪಿಗೆ ಪತ್ರವಿದ್ದರೆ ಅದರ ಪ್ರತಿಯನ್ನೂ, ದೂರು ಸ್ವೀಕರಿಸುವ ಅಧಿಕಾರಿಯ ಹೆಸರನ್ನೂ ಕೊಡಬೇಕಾಗಿ ವಿನಂತಿ.”

ಬೆರಳಚ್ಚಿನ ಜಾಗದಲ್ಲಿ ಪರದೆಯ ಫೋಟೊ, ಲೊಕೇಶನ್ ಏನು ಬೇಕಾದರೂ ಹಾಕಿಕೊಳ್ಳಿ. ಒಬ್ಬರೇ ಕೊಡುವುದಕ್ಕಿಂತ ನಾಲ್ಕೈದು ಜನ ಸೇರಿ ಸಹಿ ಹಾಕುವುದು ಮೇಲು. ನಮ್ಮಂಥ ಊರಲ್ಲಿ ಮಾಲೀಕರು ಅಪ್ಪನಿಗೆ ಪರಿಚಯದವರೇ ಆಗಿರುತ್ತಾರೆ, ಒಬ್ಬರೇ ಕೊಟ್ಟರೆ ರಾತ್ರಿಯೊಳಗೆ ಮನೆಗೆ ಫೋನ್ ಬರುತ್ತದೆ. ಕ್ಯಾಮೆರಾದ ದೃಶ್ಯವನ್ನು ಕದ್ದು ಕಾಪಿ ಮಾಡಿಕೊಳ್ಳುವುದು, ಗುಂಪುಗಳಲ್ಲಿ ಹಂಚುವುದು ಬೇಡ. ಆಗ ಆರೋಪಿ ನೀವಾಗುತ್ತೀರಿ.

ಡೆಲಿವರಿ ಹುಡುಗರಿಗೆ, ಸರ್ಕಾರಿ ಕೆಲಸದವರಿಗೆ

ಬೈಕಿನಲ್ಲಿ ಊಟ ತಲುಪಿಸುವವರಿಗೆ 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ಇದೆ. ಆ್ಯಪ್ ನಿಮ್ಮನ್ನು ಹೇಗೆ ಗಮನಿಸುತ್ತದೆ, ಆರ್ಡರ್ ಹೇಗೆ ಹಂಚುತ್ತದೆ ಎಂದು ಕಂಪನಿ ತಿಳಿಸಬೇಕು. ಕೆಲಸದಿಂದ ತೆಗೆಯುವ ಮುನ್ನ ಕಾರಣ ಹೇಳಿ 14 ದಿನದ ನೋಟಿಸ್ ಕೊಡಬೇಕು. ಬೆಳಗಾಗೆದ್ದು ನೋಡಿದರೆ ಐಡಿ ಬ್ಲಾಕ್ ಆಗಿರುವವರು ಇದನ್ನು ಹಿಡಿದು ಕೇಳಬಹುದು.

ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆಯವರಿಗೆ ಮಾಹಿತಿ ಹಕ್ಕು ಅರ್ಜಿಯ ದಾರಿಯಿದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಮುಖ ಗುರುತಿಸುವ ಹಾಜರಿ ಆ್ಯಪ್ ಯಾವ ಆದೇಶದ ಮೇಲೆ ಬಂತು, ಮಾಹಿತಿ ಯಾವ ಸಂಸ್ಥೆಯ ಕೈಯಲ್ಲಿದೆ ಎಂದಷ್ಟೇ ಕೇಳಿ.

ಉತ್ತರ ಬರದಿದ್ದರೆ

ತಿಂಗಳು ಕಾಯಿರಿ. ಆಮೇಲೆ ಸಂಬಳ, ಹಾಜರಿ, ನೇಮಕಾತಿ ಪತ್ರದ ವಿಷಯವಾದರೆ ಶಿವಮೊಗ್ಗದ ಕಾರ್ಮಿಕ ಇಲಾಖೆ ಕಚೇರಿ. ಫೋಟೊ, ವಿಡಿಯೊ ಸೋರಿಕೆಯಾದರೆ ಪೊಲೀಸರ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ, ಇಲ್ಲವೇ ಆನ್‌ಲೈನ್ ಸೈಬರ್ ಅಪರಾಧ ಪೋರ್ಟಲ್. ವಕೀಲರಿಗೆ ದುಡ್ಡಿಲ್ಲವೆಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ಸಹಾಯವಾಣಿ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಉಚಿತ.

ಹೋಗುವಾಗ ನೋಟ್‌ಬುಕ್, ಸಹಿ ಮಾಡಿದ ಕಾಗದಗಳ ಜೆರಾಕ್ಸ್, ಸಂಬಳದ ಚೀಟಿ, ಕಳಿಸಿದ ಮೆಸೇಜುಗಳ ಪ್ರಿಂಟ್ ಇರಲಿ. ದೂರನ್ನು ಎರಡು ಪ್ರತಿ ಮಾಡಿ. ಕಚೇರಿಯ ಟಪಾಲು ಕಿಟಕಿಯವರು “ಇಟ್ಟು ಹೋಗಿ, ನೋಡ್ತಾರೆ” ಎನ್ನುತ್ತಾರೆ. ನಿಮ್ಮ ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು ಬೀಳುವವರೆಗೆ ಆ ಕಿಟಕಿ ಬಿಟ್ಟು ಅಲ್ಲಾಡಬೇಡಿ.